ಚಳಿಗಾಲಕ್ಕೆ ಮನೆಯೊಳಗೊಂದು ಸೈಕಲ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬೆಳಗಿನ ಜಾವ ಸೈಕಲ್ ತುಳಿಯುವವರಿಗೆ ವರ್ಷದಲ್ಲಿ ಅಪಾಯದ ಕಾಲ ಯಾವುದು? ಮಳೆಗಾಲ ಎಂದು ನೀವು ಹೇಳಬಹುದು. ಆದರೆ ಚಳಿಗಾಲವನ್ನು ಅಷ್ಟು ಹಗುರವಾಗಿ ಬಿಡುವಂತಿಲ್ಲ. ದೀಪಾವಳಿಯ ಆಸುಪಾಸಿಗೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿದರೆ ರಸ್ತೆಯ ಸ್ವರೂಪವೇ ಬದಲಾಗುತ್ತದೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಎರಡೂ ಬದಿಗೆ ಚಾಚಿಕೊಂಡ ಕಬ್ಬಿನ ಗಳ. ಹಿಂದೆ ಕೆಂಪು ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದ ಟ್ರೇಲರುಗಳೂ ಕಡಿಮೆಯಿಲ್ಲ. ಜನವರಿಯಲ್ಲಿ ಸೂರ್ಯ ಕಾಣಿಸುವುದೇ ಏಳರ ಹೊತ್ತಿಗೆ. ಮೇಲೆ ಮಂಜು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಸಮಯದಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ, ಟ್ರ್ಯಾಕ್ಟರು, ಜೀಪುಗಳು ಸವದತ್ತಿಯ ಸುತ್ತಲಿನ ದಾರಿಯನ್ನು ತುಂಬಿಬಿಡುತ್ತವೆ.

ಇದರ ಪರಿಣಾಮವನ್ನು ವೈದ್ಯರು ಪ್ರತಿ ವರ್ಷ ಕಾಣುತ್ತಾರೆ. ನವೆಂಬರಿನಲ್ಲಿ ಬಿಟ್ಟ ವ್ಯಾಯಾಮ ಯುಗಾದಿಯವರೆಗೆ ಮತ್ತೆ ಶುರುವಾಗುವುದಿಲ್ಲ. ಚಳಿಯಲ್ಲಿ ರಕ್ತನಾಳಗಳು ಸಂಕುಚಿತವಾಗಿ ರಕ್ತದೊತ್ತಡ ಏರುವುದು ಸಹಜ. ಹೃದಯಾಘಾತಗಳೂ ಚಳಿಗಾಲದಲ್ಲೇ ಹೆಚ್ಚು. ಇದೇ ತಿಂಗಳುಗಳಲ್ಲಿ ಸಂಕ್ರಾಂತಿಯ ಎಳ್ಳು-ಬೆಲ್ಲ, ಶೇಂಗಾ ಹೋಳಿಗೆ, ಮದುವೆ ಊಟ. ದೇಹಕ್ಕೆ ವ್ಯಾಯಾಮ ಹೆಚ್ಚು ಬೇಕಾದ ಕಾಲದಲ್ಲಿಯೇ ಅದು ನಿಂತುಹೋದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಅದರ ಬೆಲೆ ಸಣ್ಣದಲ್ಲ.

ಆದುದರಿಂದಲೇ ಮನೆಯೊಳಗೆ ಸೈಕಲ್ ತುಳಿಯುವ ಸಾಧನದ ಬಗ್ಗೆ ಈಗ ಅನೇಕರು ವಿಚಾರಿಸುತ್ತಾರೆ. ಇದಕ್ಕೆ ಸೈಕಲ್ ಟ್ರೇನರ್ ಎನ್ನುತ್ತಾರೆ.

ಸಾಣೆಯವನ ಸೈಕಲ್ಲೇ ಸಾಲದೇ?

ಚಾಕು-ಕತ್ತರಿಗೆ ಸಾಣೆ ಹಿಡಿಯುವವನನ್ನು ನೀವು ನೋಡಿಯೇ ಇರುತ್ತೀರಿ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಅದರ ಮೇಲೆಯೇ ಕುಳಿತು ಪೆಡಲ್ ತುಳಿದು ಸಾಣೆಕಲ್ಲು ತಿರುಗಿಸುತ್ತಾನೆ. ಹಾಗೆಯೇ ನಮ್ಮ ಹಳೆಯ ಕರಿ ಸೈಕಲ್ಲನ್ನು ಪಡಸಾಲೆಯಲ್ಲಿ ಸ್ಟ್ಯಾಂಡಿಗೆ ಹಾಕಿ ತುಳಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಸಾಣೆಯವನ ಕಾಲಿಗೆ ಕಲ್ಲಿನ ಭಾರ, ಕತ್ತಿಯ ಒತ್ತಡ ಇರುತ್ತದೆ. ನಿಮ್ಮ ಗಾಲಿ ಗಾಳಿಯಲ್ಲಿ ಸುಮ್ಮನೆ ತಿರುಗುತ್ತದೆ. ತಡೆಯಿಲ್ಲದ ಕಡೆ ಸ್ನಾಯುವಿಗೆ ಕೆಲಸವೂ ಇಲ್ಲ. ಅದೂ ಅಲ್ಲದೆ ಸ್ಟ್ಯಾಂಡು ಇರುವುದು ಸೈಕಲ್ ನಿಲ್ಲಿಸಲು. ಮೇಲೆ ಕುಳಿತು ಅರ್ಧ ತಾಸು ಓಲಾಡುವ ಮನುಷ್ಯನನ್ನು ಹೊರಲು ಅದನ್ನು ಮಾಡಿದ್ದಲ್ಲ. ಅದು ಜಾರಿ ಬಿದ್ದರೆ ವಯಸ್ಸಾದವರ ಸೊಂಟದ ಮೂಳೆಗೆ ಅಪಾಯ.

ಟ್ರೇನರಿನಲ್ಲಿ ಈ ಎರಡೂ ಕೊರತೆ ಇಲ್ಲ. ಅಗಲ ಕಾಲುಗಳ ಕಬ್ಬಿಣದ ಚೌಕಟ್ಟು ಹಿಂದಿನ ಗಾಲಿಯ ಅಚ್ಚನ್ನು ಎರಡೂ ಕಡೆಯಿಂದ ಬಿಗಿಯಾಗಿ ಹಿಡಿಯುತ್ತದೆ. ಟೈರಿಗೆ ತಾಗಿದಂತೆ ಒಂದು ರೋಲರ್ ಇರುತ್ತದೆ. ಗಾಲಿ ತಿರುಗಿದಂತೆ ರೋಲರೂ ತಿರುಗುತ್ತದೆ, ಅದಕ್ಕೆ ಜೋಡಿಸಿದ ತಡೆ ನಿಮ್ಮ ಕಾಲಿಗೆ ಏರುದಾರಿಯ ಅನುಭವ ಕೊಡುತ್ತದೆ. ಈ ತಡೆ ಬಗೆಬಗೆಯದು. ಆಯಸ್ಕಾಂತದ್ದು ಅಗ್ಗ, ಸರಳ, ಕರೆಂಟ್ ಬೇಡುವುದಿಲ್ಲ. ಎಣ್ಣೆಯಂಥ ದ್ರವ ತುಂಬಿದ್ದು ಸದ್ದು ಕಡಿಮೆ ಮಾಡುತ್ತದೆ. ನೀವು ಜೋರಾಗಿ ತುಳಿದಷ್ಟೂ ತಾನೂ ಬಿಗಿಯಾಗುತ್ತದೆ. ಬೆಲೆ ಮಾತ್ರ ಹೆಚ್ಚು. ಫ್ಯಾನಿನ ರೆಕ್ಕೆಯಿಂದ ತಡೆ ಕೊಡುವುದನ್ನು ಅದರ ಸದ್ದಿನಿಂದಾಗಿಯೇ ಬಿಡುವುದು ಲೇಸು. ಹಿಂದಿನ ಗಾಲಿಯನ್ನೇ ತೆಗೆದು ಚೈನನ್ನು ಯಂತ್ರಕ್ಕೆ ನೇರವಾಗಿ ಹಾಕುವ, ಮೊಬೈಲಿಗೆ ಜೋಡಿಸಿ ಪರದೆಯ ಮೇಲೆ ಆಲ್ಪ್ಸ್ ಪರ್ವತ ಹತ್ತಿಸುವ ಯಂತ್ರಗಳೂ ಇವೆ. ಅವುಗಳಿಗೆ ಗೇರಿನ ಸೈಕಲ್ ಬೇಕು, ಬಹುತೇಕ ಮಾದರಿಗಳಿಗೆ ಕರೆಂಟೂ ಬೇಕು, ಬೆಲೆ ಹತ್ತಾರು ಸಾವಿರ. ಆರೋಗ್ಯಕ್ಕಾಗಿ ತುಳಿಯುವ ಸಾಮಾನ್ಯ ಕುಟುಂಬಕ್ಕೆ ಇಷ್ಟು ದುಬಾರಿ ಯಂತ್ರ ಅಗತ್ಯವಿಲ್ಲ ಎಂದೇ ನಮ್ಮ ಅಭಿಪ್ರಾಯ.

ಮೂರು ಉರುಳೆಗಳ ಮೇಲೆ ಸೈಕಲ್ಲನ್ನು ಸುಮ್ಮನೆ ಇಟ್ಟು, ಯಾವ ಹಿಡಿತವೂ ಇಲ್ಲದೆ ತುಳಿಯುವ ಇನ್ನೊಂದು ಸಾಧನವಿದೆ. ಅದು ಸ್ಪರ್ಧೆಗೆ ಇಳಿಯುವವರದು. ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾ ಶಾಲೆ ಸೈಕ್ಲಿಂಗ್‌ಗೆ ಹೆಸರಾದದ್ದು ನಿಮಗೆ ಗೊತ್ತಿರಬಹುದು. ಅಂಥ ಪಳಗಿದ ಮಕ್ಕಳಿಗೆ ಅದು ಸರಿ, ಐವತ್ತು ದಾಟಿದವರು ಅದರ ಹತ್ತಿರ ಹೋಗಬಾರದು.

ಕೊಳ್ಳುವ ಮುನ್ನ

ಮೊದಲು ನೋಡಬೇಕಾದದ್ದು ಟ್ರೇನರನ್ನಲ್ಲ, ನಿಮ್ಮಲ್ಲಿರುವ ಸೈಕಲ್ಲನ್ನು. ಟೈರಿನ ಬದಿಯಲ್ಲಿ ಅಚ್ಚಾದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಈಚಿನ ಗೇರ್ ಸೈಕಲ್ಲುಗಳ 26, 27.5, 29 ಇಂಚಿನ ಗಾಲಿಗೆ ಹೊಂದುವ ಟ್ರೇನರುಗಳು ಸಿಗುತ್ತವೆ. ಹಳೆಯ ಕರಿ ಸೈಕಲ್ಲಿನದು 28 ಇಂಚಿನ ಬೇರೆಯೇ ಲೆಕ್ಕದ ಗಾಲಿ. ಹಿಂದಿನ ಸ್ಟ್ಯಾಂಡು ಅಚ್ಚಿನ ನಟ್ಟಿಗೇ ಕೂತಿರುವುದರಿಂದ ಟ್ರೇನರಿನ ಹಿಡಿತಕ್ಕೆ ಜಾಗ ಉಳಿಯುವುದಿಲ್ಲ. ಅದನ್ನು ಬಿಚ್ಚಬೇಕು, ಮಡ್‌ಗಾರ್ಡಿನ ಕೆಳತುದಿ ರೋಲರಿಗೆ ತಾಗುತ್ತದೆಯೇ ನೋಡಬೇಕು. ಸಾಧ್ಯವಾದರೆ ಸೈಕಲ್ಲನ್ನೇ ಕೊಂಡೊಯ್ದು ಕೂರಿಸಿ ನೋಡದೆ ಹಣ ಕೊಡಬೇಡಿ. ಅಂಚೆಯಲ್ಲೋ ಆನ್‌ಲೈನಿನಲ್ಲೋ ತರಿಸುವುದಾದರೆ ಹೊಂದದಿದ್ದಲ್ಲಿ ಹಿಂತಿರುಗಿಸುವ ಅವಕಾಶವಿದೆಯೇ ಎಂದು ಮೊದಲೇ ಓದಿಕೊಳ್ಳಿ. ಬಹಳ ಟ್ರೇನರುಗಳು ಲಿವರ್ ಎಳೆದು ಬಿಚ್ಚುವ ಅಚ್ಚಿಗೆಂದೇ ತಯಾರಾದವು. ನಿಮ್ಮದು ನಟ್ಟಿನ ಅಚ್ಚಾಗಿದ್ದರೆ ಅದಕ್ಕೆ ಹೊಂದುವ ಬೇರೆ ನಟ್ಟುಗಳನ್ನು ಕೇಳಿ ಪಡೆಯಬೇಕು. ಎಷ್ಟು ಕಿಲೋ ತೂಕದವರೆಗೆ ತಾಳುತ್ತದೆ ಎಂಬುದು ಪೆಟ್ಟಿಗೆಯ ಮೇಲೆ ಇರುತ್ತದೆ, ಅದನ್ನೂ ನೋಡಿ. ಗುಬುಟು ಗುಬುಟಾದ ಟೈರು ರೋಲರಿನ ಮೇಲೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ. ನುಣುಪಾದ ಟೈರು ಹಾಕಿಸಿದರೆ ಪಕ್ಕದ ಮನೆಯವರು ನೆಮ್ಮದಿಯಾಗಿರುತ್ತಾರೆ.

ಮನೆಯಲ್ಲಿ ಒಳ್ಳೆಯ ಸೈಕಲ್ಲೇ ಇಲ್ಲವೆಂದಾದರೆ ಸೈಕಲ್ಲು, ಟ್ರೇನರು ಎರಡನ್ನೂ ಕೊಳ್ಳುವುದು ಬುದ್ಧಿವಂತಿಕೆಯಲ್ಲ. ವ್ಯಾಯಾಮಕ್ಕೆಂದೇ ಮಾಡಿದ ನಿಂತ ಸೈಕಲ್ ಸಾಕು. ಹತ್ತಿ ಇಳಿಯುವುದು ಸುಲಭ, ಬೀಳುವ ಭಯ ಕಡಿಮೆ. ಇಂಥವು ಉತ್ಸಾಹ ಇಳಿದ ಮನೆಗಳಲ್ಲಿ ಒಗೆದ ಬಟ್ಟೆ ಹರವುವ ಗೂಟಗಳಾಗಿ ನಿಂತಿರುತ್ತವೆ. ಪರಿಚಿತರಲ್ಲಿ ವಿಚಾರಿಸಿದರೆ ಅರ್ಧ ಬೆಲೆಗೆ ಸಿಕ್ಕೀತು. ನೀವೂ ಹೊಸತನ್ನು ಕೊಳ್ಳುವ ಮೊದಲು ಅಂಥದೊಂದನ್ನು ಎರವಲು ತಂದು ಮೂರು ವಾರ ತುಳಿದು ನೋಡಿ. ಮೂರು ವಾರದಲ್ಲಿ ಹದಿನೈದು ದಿನವಾದರೂ ಕುಳಿತಿರಾದರೆ ಹಣ ಹಾಕಬಹುದು.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಸರಕಾರ ಉಚಿತ ಸೈಕಲ್ ಕೊಡಲು ಆರಂಭಿಸಿತು. ಅಂದು ಹಳ್ಳಿಯಿಂದ ಹೈಸ್ಕೂಲಿಗೆ ಸೈಕಲ್ ಮೇಲೆ ಬಂದ ಹುಡುಗಿಯರು ಇಂದು ಮೂವತ್ತು ದಾಟಿದ ಗೃಹಿಣಿಯರು. ಮದುವೆಯಾದ ಮೇಲೆ ಬೀದಿಯಲ್ಲಿ ಸೈಕಲ್ ತುಳಿಯಲು ಸಂಕೋಚಪಡುವ ಇವರಿಗೆ ಕಾಲು ಮರೆಯದ ಆ ಅಭ್ಯಾಸವನ್ನು ಮನೆಯೊಳಗೆ ಮತ್ತೆ ಹಿಡಿಯಲು ಇದೊಂದು ದಾರಿ. ಟ್ರೇನರು ಯಜಮಾನರ ಸಕ್ಕರೆ ಕಾಯಿಲೆಗೆ ಬಂದ ಸಾಮಾನು ಎಂದುಕೊಳ್ಳಬೇಡಿ. ಸೀಟಿನ ಎತ್ತರ ಬದಲಿಸಿದರೆ ಅದು ಇಡೀ ಮನೆಯದು. ಸೀರೆಯ ನೆರಿಗೆ, ಲುಂಗಿ, ದುಪಟ್ಟಾ ಚೈನಿಗೆ ಸಿಗದಂತೆ ಮಾತ್ರ ಎಚ್ಚರವಿರಲಿ. ಚೂಡಿದಾರದ ಕಾಲನ್ನೂ ರಬ್ಬರಿನಿಂದ ಕಟ್ಟಿಕೊಳ್ಳಿ.

ತುಳಿಯುವ ಕ್ರಮ

ಫರಸಿ ನೆಲ ಜಾರುತ್ತದೆ. ದಪ್ಪ ರಬ್ಬರ್ ಹಾಸು ಹಾಕಿ ಅದರ ಮೇಲೆ ಟ್ರೇನರ್ ಇಡಿ. ಹಿಂದಿನ ಗಾಲಿ ಎತ್ತರಕ್ಕೆ ಹೋಗುವುದರಿಂದ ಮುಂದಿನ ಗಾಲಿಯ ಕೆಳಗೂ ಹಲಗೆಯ ತುಂಡು ಇಟ್ಟು ಸಮ ಮಾಡಿ, ಇಲ್ಲದಿದ್ದರೆ ಮೈಭಾರವೆಲ್ಲ ಅಂಗೈಗೆ ಬಂದು ಮಣಿಕಟ್ಟು ನೋಯುತ್ತದೆ. ಪ್ರತಿ ಸಲ ಟೈರಿನ ಗಾಳಿ ನೋಡಿ, ನಂತರ ರೋಲರನ್ನು ಬಿಗಿ ಮಾಡಿ. ಜೋರಾಗಿ ತುಳಿದಾಗ ಟೈರು ಜಾರದಿದ್ದರೆ ಅಷ್ಟು ಬಿಗಿ ಸಾಕು.

ಸೀಟಿನ ಎತ್ತರದ ವಿಷಯದಲ್ಲಿ ಆತುರ ಬೇಡ. ಮೊಣಕಾಲು ನೋವಿನ ದೂರುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುವವು. ಸೀಟಿನ ಮೇಲೆ ಕುಳಿತು, ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲೆ ಇಡಿ. ಕಾಲು ನೇರವಾಗಬೇಕು, ಆದರೆ ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ತಕ್ಕಷ್ಟು ಮಡಿಚಿರುತ್ತದೆ. ಮೊಣಕಾಲಿನ ಮುಂದೆ ನೋವು ಬಂದರೆ ಸೀಟು ತಗ್ಗಾಗಿದೆ, ಹಿಂದೆ ಬಂದರೆ ಎತ್ತರವಾಗಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಮೊಣಕಾಲು ಸವೆದವರಿಗೆ ನಡಿಗೆಗಿಂತ ಸೈಕಲ್ ಹಿತ, ಏಕೆಂದರೆ ಮೈಭಾರ ಸೀಟಿನ ಮೇಲಿರುತ್ತದೆ. ಅವರು ತಡೆಯನ್ನು ಕಡಿಮೆ ಇಟ್ಟು ಹಗುರವಾಗಿ ತುಳಿಯಬೇಕು.

ರಸ್ತೆಯಲ್ಲಿ ಎದುರುಗಾಳಿ ಬೆವರನ್ನು ಆರಿಸುತ್ತದೆ. ಮನೆಯಲ್ಲಿ ಅದಿಲ್ಲ. ಹೊರಗೆ ಸ್ವೆಟರಿನ ಚಳಿಯಿದ್ದರೂ ಒಳಗೆ ಹತ್ತು ನಿಮಿಷಕ್ಕೆ ಅಂಗಿ ತೊಯ್ದು ಹೋಗುತ್ತದೆ. ಕಿಟಕಿ ತೆರೆದು ಫ್ಯಾನ್ ಹಚ್ಚಿ, ನೀರಿನ ತಂಬಿಗೆ ಹತ್ತಿರ ಇರಲಿ. ಒಲೆಯ ಹೊಗೆ ಬರುವ ಕೋಣೆ ಬೇಡ. ಕರೆಂಟ್ ಹೋಗಿ ಸೆಕೆಯಾದರೆ ಆ ದಿನ ತಡೆ ಇಳಿಸಿ ನಿಧಾನವಾಗಿ ತುಳಿಯಿರಿ. ರಸ್ತೆಯಲ್ಲಿ ಇಳಿಜಾರು ಸಿಕ್ಕಾಗ ಕಾಲಿಗೆ ವಿಶ್ರಾಂತಿ ಸಿಗುತ್ತದೆ, ಟ್ರೇನರಿನಲ್ಲಿ ಇಳಿಜಾರೇ ಇಲ್ಲ. ರಸ್ತೆಯಲ್ಲಿ ಒಂದು ತಾಸು ತುಳಿಯುತ್ತಿದ್ದವರು ಇಲ್ಲಿ ಅರ್ಧ ತಾಸಿಗೆ ದಣಿದರೆ ಗಾಬರಿಯಾಗಬೇಕಿಲ್ಲ. ಹತ್ತು ನಿಮಿಷಕ್ಕೊಮ್ಮೆ ಸೀಟಿನಿಂದ ಕ್ಷಣಕಾಲ ಮೇಲೆದ್ದರೆ ಕೂತ ಜಾಗ ಜೋಮು ಹಿಡಿಯುವುದಿಲ್ಲ.

ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಮೀರಬೇಡಿ. ನಿಧಾನವಾಗಿ ಏರಿಸುತ್ತ ವಾರಕ್ಕೆ ಐದು ದಿನ, ಅರ್ಧ ಅರ್ಧ ತಾಸಿಗೆ ಬಂದರೆ ವಾರಕ್ಕೆ 150 ನಿಮಿಷವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ. ಮಧ್ಯಮ ಎಂದರೆ ತುಳಿಯುತ್ತ ಮಾತನಾಡಲು ಬರಬೇಕು, ಪದ ಹಾಡಲು ಬರಬಾರದು. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ಹಗುರವಾಗಿರಲಿ. ಥಟ್ಟನೆ ನಿಲ್ಲಿಸಿ ಇಳಿದರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗಬಹುದು. ಇದರ ಜೊತೆ ನಡಿಗೆಯನ್ನು ಪೂರ್ತಿ ಬಿಡಬೇಡಿ. ಸೈಕಲ್ ಹೃದಯಕ್ಕೂ ತೊಡೆಗೂ ಒಳ್ಳೆಯದು, ಆದರೆ ಮೂಳೆ ಗಟ್ಟಿಯಾಗಲು ಅದು ಸಾಲದು. ಮುಟ್ಟು ನಿಂತ ಹೆಂಗಸರು ಮನೆಯ ಮೆಟ್ಟಿಲನ್ನಾದರೂ ಹತ್ತಿ ಇಳಿಯಬೇಕು.

ಸಕ್ಕರೆ ಕಾಯಿಲೆ ಇದ್ದವರು

ಟ್ರೇನರಿನ ದೊಡ್ಡ ಲಾಭ ಇವರಿಗೇ. ವ್ಯಾಯಾಮ ಮಾಡಿದ ಸ್ನಾಯು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಈ ಗುಣ ಒಂದೆರಡು ದಿನ ಮಾತ್ರ ಉಳಿಯುವುದರಿಂದ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು ಎನ್ನುತ್ತಾರೆ. ರಾತ್ರಿ ರೊಟ್ಟಿ-ಅನ್ನ ಉಂಡು ಸ್ವಲ್ಪ ಹೊತ್ತಿನ ನಂತರ ಹದಿನೈದು ನಿಮಿಷ ಹಗುರವಾಗಿ ತುಳಿದರೂ ಊಟದ ಬಳಿಕ ಏರುವ ಸಕ್ಕರೆ ತಗ್ಗುತ್ತದೆ. ಕತ್ತಲ ರಸ್ತೆಯಲ್ಲಿ ಆ ಹೊತ್ತಿಗೆ ಯಾರು ತಾನೇ ಹೊರಡುತ್ತಾರೆ?

ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆ ನುಂಗುವವರಲ್ಲಿ ಸಕ್ಕರೆ ಅತಿಯಾಗಿ ಇಳಿಯಬಹುದು. ಬರಿಹೊಟ್ಟೆಯಲ್ಲಿ ಹತ್ತಬೇಡಿ. ಕೈ ನಡುಕ, ತಣ್ಣನೆ ಬೆವರು, ಮಂಕು, ವಿಪರೀತ ಹಸಿವು ಕಾಣಿಸಿದರೆ ಕೂಡಲೇ ಇಳಿದು ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷದ ಬಳಿಕ ಪರೀಕ್ಷಿಸಿ 70 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಮತ್ತೊಮ್ಮೆ ಕುಡಿಯಬೇಕು. ಬೆವರು ಹೇಗೂ ಬರುತ್ತಿರುವುದರಿಂದ ತುಳಿಯುವಾಗ ಈ ಲಕ್ಷಣ ಗುರುತಿಗೆ ಸಿಗದೆ ಹೋಗುವುದುಂಟು. ಆದ್ದರಿಂದ ಮನೆಯಲ್ಲಿ ಯಾರಾದರೂ ಎದ್ದಿರುವಾಗಲೇ ತುಳಿಯಿರಿ.

ಇನ್ನೊಂದು ಮಾತು ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಮನೆಯೊಳಗೆ ಪಾದರಕ್ಷೆ ಹಾಕುವ ರೂಢಿ ನಮ್ಮಲ್ಲಿಲ್ಲ. ಟ್ರೇನರು ಒಳಗೆ ಬಂದಾಗ ಬರಿಗಾಲಲ್ಲೇ ತುಳಿಯಲು ಶುರುಮಾಡುತ್ತೇವೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಪೆಡಲಿನ ಅಂಚು ಗಾಯ ಮಾಡಿದ್ದೂ ತಿಳಿಯುವುದಿಲ್ಲ. ವಾರದ ಮೇಲೆ ಕೀವಾದಾಗ ಗೊತ್ತಾಗುತ್ತದೆ. ಹೊರಗೆ ಹಾಕದ ಕ್ಯಾನ್ವಾಸ್ ಬೂಟಿನ ಒಂದು ಜೊತೆಯನ್ನು ಇದಕ್ಕೆಂದೇ ಇಟ್ಟುಕೊಳ್ಳಿ, ಇಳಿದ ಮೇಲೆ ಅಂಗಾಲು ನೋಡಿಕೊಳ್ಳಿ.

ನಲವತ್ತು ದಾಟಿ ಬಹುಕಾಲ ವ್ಯಾಯಾಮವಿಲ್ಲದವರು, ಹೃದಯದ ತೊಂದರೆಯಿದ್ದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಗೆ ತೊಂದರೆ ಆದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ತಾಲೂಕು ಆಸ್ಪತ್ರೆಯಲ್ಲಿ ರಕ್ತದೊತ್ತಡ, ಸಕ್ಕರೆಯ ತಪಾಸಣೆ ಉಚಿತವಾಗಿಯೇ ಆಗುತ್ತದೆ. ತುಳಿಯುವಾಗ ಎದೆ ಹಿಡಿದಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ಹಿಂದೆಂದೂ ಇಲ್ಲದ ಉಬ್ಬಸ ಬಂದರೆ ಅದನ್ನು ವಾಯು ಎಂದು ತಳ್ಳಿಹಾಕದೆ 108ಕ್ಕೆ ಕರೆ ಮಾಡಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಬರುವ ಜಾಗದಲ್ಲಿ ಟ್ರೇನರ್ ಇಡಲೇಬೇಡಿ. ತಿರುಗುವ ಗಾಲಿ ಮಕ್ಕಳಿಗೆ ಆಟಿಕೆಯಂತೆ ಕಾಣುತ್ತದೆ. ಚೈನು ಮತ್ತು ಹಲ್ಲುಗಾಲಿಯ ನಡುವೆ ಸಿಕ್ಕ ಪುಟ್ಟ ಬೆರಳು ತುಂಡಾಗಿ ಹೋಗುತ್ತದೆ. ನೀವು ಕಾಲು ನಿಲ್ಲಿಸಿದರೂ ಗಾಲಿ ತಕ್ಷಣ ನಿಲ್ಲುವುದಿಲ್ಲ. ತುಳಿಯುವಾಗ ಬಾಗಿಲು ಮುಂದೆ ಮಾಡಿಕೊಳ್ಳಿ, ಮುಗಿದ ಮೇಲೆ ಹಿಂದಿನ ಗಾಲಿಗೆ ಚೈನು ಸುತ್ತಿ ಬೀಗ ಹಾಕಿ.

ಬೆವರಿನ ಉಪ್ಪು ಹ್ಯಾಂಡಲಿನ ನಟ್ಟುಗಳಿಗೆ ತುಕ್ಕು ಹಿಡಿಸುತ್ತದೆ. ಹ್ಯಾಂಡಲ್ ಮೇಲೆ ಟವೆಲ್ ಹೊದಿಸಿ ತುಳಿದು, ನಂತರ ಒಣ ಬಟ್ಟೆಯಿಂದ ಒರೆಸಿ. ಕಬ್ಬಿನ ಹಂಗಾಮು ಮುಗಿದು, ಬೆಳಕು ಬೇಗ ಹರಿಯತೊಡಗಿದಾಗ ಸೈಕಲ್ ಮತ್ತೆ ರಸ್ತೆಗೆ ಇಳಿಯಬಹುದು. ಆದರೆ ರೋಲರಿನ ಉಜ್ಜಿಗೆ ಹಿಂದಿನ ಟೈರು ನಡುವೆ ಚಪ್ಪಟೆಯಾಗಿ ಸವೆದಿರುತ್ತದೆ. ಹೊರಡುವ ಮೊದಲು ಆ ಟೈರು, ಅಚ್ಚಿನ ನಟ್ಟು, ಎರಡೂ ಬ್ರೇಕುಗಳನ್ನು ಸೈಕಲ್ ಅಂಗಡಿಯಲ್ಲಿ ತೋರಿಸಿ. ಬಿಚ್ಚಿಟ್ಟ ಸ್ಟ್ಯಾಂಡು, ಮಡ್‌ಗಾರ್ಡುಗಳನ್ನೂ ಅಲ್ಲಿಯೇ ಹಾಕಿಸಿ, ಹಿಂದೆ ಒಂದು ಕೆಂಪು ಪ್ರತಿಫಲಕ ಕೂರಿಸಿಕೊಳ್ಳಿ.