ಕೈಹಿಡಿದು ನಡೆಸುವವರು

‘ಸಹಾಯಕ’ ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಬಳಸುತ್ತೇವೆ! ಕಡತ ಹೊತ್ತು ತರುವವನೂ ಸಹಾಯಕ, ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆ ತೊಳೆಯುವವನೂ ಸಹಾಯಕ. ಸಂಸ್ಕೃತದಲ್ಲಿ ‘ಸಹಾಯ’ನೆಂದರೆ ಜೊತೆಯಲ್ಲಿ ಹೋಗುವವನು ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಆ ಅರ್ಥವನ್ನು ಕಣ್ಣಾರೆ ಕಂಡದ್ದು ಮಾತ್ರ ಕಳೆದ ಬೇಸಿಗೆಯ ರಜೆಯಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ.

ನಮ್ಮ ತಾಯಿ ಅಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿತ್ತು. ಮನೆಗೆ ಬಂದ ಮೇಲೆ ಮೊದಲು ಫಿಸಿಕಲ್ ಥೆರಪಿಸ್ಟ್ ಒಬ್ಬರು ಬಂದು, ಕಾಲಿನ ಬಲ, ಕೀಲಿನ ಬಾಗು, ನಿಲುವಿನ ಸಮತೋಲ ಎಲ್ಲವನ್ನೂ ಪರೀಕ್ಷಿಸಿ ಬರೆದುಕೊಂಡು ಹೋದರು. ಮುಂದಿನ ಸಲ ಬಂದವನು ಅವರ ಅಸಿಸ್ಟೆಂಟ್ ಆದ ಒಬ್ಬ ತರುಣ. ನನಗೆ ಅಸಮಾಧಾನವಾಯಿತು. “ಏನಣ್ಣ, ಕೈಕಾಲು ಒತ್ತುವವನನ್ನು ಕಳುಹಿಸಿದ್ದಾರಲ್ಲ?” ಎಂದೆ.

ಅಣ್ಣ ನಕ್ಕು ನನ್ನ ಅಜ್ಞಾನವನ್ನು ತಿದ್ದಿದ. ಈ ವೃತ್ತಿಗೆ ಕಾಲೇಜಿನಲ್ಲಿ ಎರಡು ವರ್ಷದ ವ್ಯಾಸಂಗವುಂಟು. ಬಳಿಕ ರಾಷ್ಟ್ರಮಟ್ಟದ ಪರೀಕ್ಷೆ, ರಾಜ್ಯದ ಪರವಾನಗಿ. 1967ರಲ್ಲಿ ಮಿಯಾಮಿಯಲ್ಲಿಯೂ ಇದೇ ಮಿನಿಯಾಪೊಲಿಸ್‌ನಲ್ಲಿಯೂ ಈ ಶಿಕ್ಷಣ ಆರಂಭವಾಗಿ, 1969ರಲ್ಲಿ ಮೊದಲ 15 ಮಂದಿ ಹೊರಬಂದರು. ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆಯ ಕ್ರಮವನ್ನು ನಿರ್ಧರಿಸುವವರು ಥೆರಪಿಸ್ಟ್. ಅದನ್ನು ದಿನದಿನವೂ ನಡೆಸುವವನು ಈ ಸಹಾಯಕ. ಕ್ರಮವನ್ನು ತಾನಾಗಿ ಬದಲಿಸುವ ಅಧಿಕಾರ ಅವನಿಗಿಲ್ಲ.

ಅವನ ಕೆಲಸವನ್ನು ಕುಳಿತು ನೋಡಿದೆ. ಅಮ್ಮನ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಅದರ ಮೇಲೆ ಒಂದು ಕೈಯಿಟ್ಟು, ವಾಕರಿನೊಂದಿಗೆ ನಡೆಸುತ್ತಿದ್ದ. “ಕೈ ಹಿಡಕೊಳ್ಳಪ್ಪ” ಎಂದು ಅಮ್ಮ ಕನ್ನಡದಲ್ಲಿಯೇ ಬೇಡುವರು. ಅವನು ನಗುವನು, ಕೈ ಕೊಡನು. ಮೊದಮೊದಲು ಇದು ನಿಷ್ಕರುಣೆಯೆಂದು ತೋರಿತು. ಹಿಡಿದ ಕೈಗೆ ಭಾರ ಬಿಟ್ಟವರ ಕಾಲು ಬಲವನ್ನು ಕಲಿಯದೆಂಬುದು ಆಮೇಲೆ ತಿಳಿಯಿತು. ಬೀಳಗೊಡದಷ್ಟು ಸಮೀಪ, ಒರಗಗೊಡದಷ್ಟು ದೂರ: ಇದು ಆತನ ವಿದ್ಯೆ.

ಎರಡನೆಯ ವಾರ ಒಂದು ದಿನ ಅವನು ವ್ಯಾಯಾಮವನ್ನೇ ಆರಂಭಿಸಲಿಲ್ಲ. ಅಮ್ಮನ ಎಡಗಾಲಿನ ಮೀನಖಂಡ ಊದಿತ್ತು, ಮುಟ್ಟಿದರೆ ಬಿಸಿ. ಅಮ್ಮ “ಸ್ವಲ್ಪ ನೋವು, ಅಷ್ಟೆ” ಎಂದರು. ನಾವೂ ಹಾಗೆಯೇ ಭಾವಿಸಿದ್ದೆವು. ಅವನು ಒಡನೆ ಥೆರಪಿಸ್ಟ್‌ಗೆ ಫೋನು ಮಾಡಿದ. ಸಂಜೆಯೊಳಗೆ ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ, ರಕ್ತನಾಳದಲ್ಲಿ ಹೆಪ್ಪುಗಟ್ಟಿರುವುದು ಗೊತ್ತಾಯಿತು. ಆ ಹೆಪ್ಪು ಶ್ವಾಸಕೋಶಕ್ಕೆ ಸರಿದರೆ ಪ್ರಾಣಕ್ಕೇ ಅಪಾಯ. ರೋಗವನ್ನು ಹೆಸರಿಸುವುದು ಅವನ ಕೆಲಸವಲ್ಲ. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ತಿಳಿಸಬೇಕಾದವರಿಗೆ ತಿಳಿಸಿದ. ತನ್ನ ಎಲ್ಲೆಯನ್ನು ಅರಿತವನ ಜಾಣ್ಮೆ ನಮ್ಮ ತಾಯಿಯನ್ನು ಉಳಿಸಿತು.

ಇಂಥವರನ್ನು ಹುಡುಕುವುದು ಹೇಗೆ? ಮೊದಲು ಹುಡುಕಬೇಕಾದದ್ದು ಥೆರಪಿಸ್ಟರನ್ನು. ಸಹಾಯಕ ಅವರ ಮೇಲ್ವಿಚಾರಣೆಯಲ್ಲಿ ಬರುತ್ತಾನೆ. ಅವನ ಪರವಾನಗಿಯನ್ನು ರಾಜ್ಯದ ಮಂಡಳಿಯ ದಾಖಲೆಯಲ್ಲಿ ನೋಡಬಹುದು. ಅಲ್ಲಿ ‘ಏಡ್’ ಎಂಬ ಇನ್ನೊಬ್ಬರಿರುತ್ತಾರೆ. ಸಾಮಾನು ಜೋಡಿಸುವಂಥ ಕೆಲಸಕ್ಕೆ ನೇಮಿತರಾದ ಅವರಿಗೆ ಈ ಪರವಾನಗಿಯಿಲ್ಲ. ಇಬ್ಬರನ್ನೂ ಒಂದೆಂದು ತಿಳಿಯಬಾರದು. ಕ್ರಮವನ್ನು ಹಾಕಿಕೊಟ್ಟವರಾರು, ಅವರು ಮತ್ತೆ ಯಾವಾಗ ಬಂದು ನೋಡುವರು, ತೊಂದರೆಯಾದರೆ ಯಾರಿಗೆ ತಿಳಿಸಬೇಕು ಎಂದು ಸಂಕೋಚವಿಲ್ಲದೆ ಕೇಳಬೇಕು. ನಮ್ಮಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಫಿಸಿಯೋಥೆರಪಿಸ್ಟರೇ ಮಾಡುತ್ತಾರೆ. ಆದರೂ ಮನೆಯ ಆರೈಕೆಗೆಂದು ಬಂದವರು ವ್ಯಾಯಾಮ ಮಾಡಿಸತೊಡಗಿದರೆ, ಇವೇ ಪ್ರಶ್ನೆಗಳು ನಮ್ಮ ಮನೆಗಳಲ್ಲಿಯೂ ಬೇಕು.

ನಾನು ಹೊರಡುವ ದಿನ ಅಮ್ಮ ವಾಕರ್ ಹಿಡಿದು ಬಾಗಿಲವರೆಗೆ ಬಂದರು. ಆ ತರುಣ ಒಂದು ಹೆಜ್ಜೆ ಹಿಂದೆ ಇದ್ದ. ಪಟ್ಟಿಯ ಮೇಲೆ ಕೈಯಿತ್ತು, ಆದರೆ ಹಿಡಿತ ಸಡಿಲವಾಗಿತ್ತು. ಈ ವರ್ಷ ತರಗತಿಯಲ್ಲಿ ‘ಸಹಾಯ’ ಶಬ್ದ ಬಂದಾಗ, ನಿಘಂಟಿನ ಅರ್ಥಕ್ಕಿಂತ ಮೊದಲು ನೆನಪಾದದ್ದು ಆ ಕೈ.