ಒಲ್ಲೆನೆಂದವನ ಮದುವೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿ ನಿವೃತ್ತನಾದ ನನಗೆ ಮಧ್ಯಾಹ್ನದ ಹೊತ್ತನ್ನು ಕಳೆಯುವುದೇ ಈಗ ಒಂದು ಉದ್ಯೋಗವಾಗಿದೆ. ನನ್ನ ಪತ್ನಿಗೆ ಆ ತೊಂದರೆಯಿಲ್ಲ. ಅಡಿಗೆಮನೆಯ ಕೆಲಸ ಮುಗಿದೊಡನೆ ಆಕೆ ಗ್ರಂಥಾಲಯದಿಂದ ತಂದ ಕಾದಂಬರಿಯನ್ನು ಹಿಡಿದು ನಡುಮನೆಯ ಕಂಬಕ್ಕೆ ಒರಗಿಕೊಳ್ಳುವಳು. ಕಾಲಿದಾಸನನ್ನೂ ಬಾಣನನ್ನೂ ಓದಿದವನೆಂಬ ಹಮ್ಮಿನಿಂದ ನಾನು ಆ ಪುಸ್ತಕಗಳನ್ನು ಬಹುಕಾಲ ಮುಟ್ಟಿದವನಲ್ಲ.

ಒಂದು ದಿನ ಆಕೆ ತನ್ನಷ್ಟಕ್ಕೆ ತಾನೇ ನಗುತ್ತಿದ್ದುದನ್ನು ಕಂಡು, ಕಥೆಯೇನೆಂದು ಕೇಳಿದೆನು. “ಏನಿದೆ? ಒಬ್ಬ ಮದುವೆಯೇ ಬೇಡ ಅಂತ ಹಟ ಹಿಡಿದಿದಾನೆ. ಕೊನೇ ಪುಟದಲ್ಲಿ ಒಪ್ಕೋತಾನೆ” ಎಂದಳು. “ಅದು ಮೊದಲೇ ಗೊತ್ತಿದ್ದ ಮೇಲೆ ಓದುವುದೇಕೆ?” ಎಂದೆನು. ಆಕೆ ಪುಸ್ತಕದಿಂದ ಕಣ್ಣು ತೆಗೆಯದೆ, “ಅಲ್ಲರೀ, ಈ ಮಹರಾಯನ ಮನಸ್ಸು ತಿರುಗೋಕೆ ಮುನ್ನೂರು ಪುಟ ಬೇಕಾಯಿತು. ಆ ಹುಡುಗಿಯ ಮನಸ್ಸಿಗೆ ಒಂದು ಪುಟವಾದರೂ ಬೇಡವೆ?” ಎಂದಳು. ನಾನು ಉತ್ತರ ಹೇಳಲಾರದೆ ಎದ್ದುಹೋದೆನು. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಅದನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತೇನೆ.

ಮದುವೆ ಒಲ್ಲೆನೆಂಬ ಗಂಡಿನ ಕಥೆಯಲ್ಲಿ ರಸವಿಲ್ಲವೆಂದು ನಾನು ಹೇಳುವವನಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಾಕುವುದನ್ನು ಬಲ್ಲವರಿಗೆ ಈ ರಸದ ಗುಟ್ಟು ಸುಲಭವಾಗಿ ತಿಳಿಯುವುದು. ಅಲ್ಲಿ ಕುಂಚದ ಕೆಲಸ ಕಡಮೆ. ಕಡೆಯುವ ಯಂತ್ರದಲ್ಲಿ ತಿರುಗುತ್ತಿರುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಈ ಕಥೆಗಳ ನಾಯಕನಿಗೆ ಒಲವು ಹತ್ತುವ ಕ್ರಮವೂ ಅದೇ. ತಾಯಿಯ ಕಣ್ಣೀರು, ಹಿರಿಯರ ಉಪದೇಶ, ಜಾತಕದ ಬಲ ಇವೊಂದೂ ಅವನಿಗೆ ತಾಗುವುದಿಲ್ಲ. ಒಬ್ಬಳೊಡನೆ ನಾಲ್ಕು ದಿನ ಮಾತಿನ ತಿಕ್ಕಾಟ ನಡೆದರೆ ತಾನೇ ಅರಿಯದಂತೆ ಬಣ್ಣ ಏರಿರುವುದು. ಅದನ್ನು ಮನೆಯವರೆಲ್ಲ ಕಂಡಿರುತ್ತಾರೆ, ಅವನೊಬ್ಬನೇ ಕಂಡಿರುವುದಿಲ್ಲ. ಓದುವವರಿಗೆ ನಗು ಬರುವುದು ಅಲ್ಲಿಯೇ.

ಈ ಬಗೆಯ ಕಥೆ ಆಂಗ್ಲರಿಂದ ಬಂದದ್ದೆಂದು ಕೆಲವರು ತಿಳಿದಿದ್ದಾರೆ. ಅವರಲ್ಲಿ ಇದರ ಬೆಳೆ ಹೆಚ್ಚೆಂಬುದು ನಿಜ. 1908ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಿಲ್ಸ್ ಅಂಡ್ ಬೂನ್ ಸಂಸ್ಥೆಯ ಹೆಸರು ಪ್ರಣಯಕಾದಂಬರಿಗಳಿಗೇ ಪರ್ಯಾಯಪದವಾಗಿಬಿಟ್ಟಿದೆ. ಆದರೆ ನಮ್ಮವರ ನೆನಪು ಇದಕ್ಕಿಂತ ಬಹಳ ಹಳೆಯದು. ಬ್ರಹ್ಮಚಾರಿಗಳಲ್ಲಿ ಎರಡು ಬಗೆಯೆಂದು ನಮ್ಮ ಶಾಸ್ತ್ರಕಾರರು ಎಣಿಸಿದರು. ವಿದ್ಯೆ ಮುಗಿಸಿ ಗೃಹಸ್ಥನಾಗತಕ್ಕವನು ಉಪಕುರ್ವಾಣನು, ಕಡೆಯವರೆಗೂ ವ್ರತದಲ್ಲಿಯೇ ನಿಲ್ಲತಕ್ಕವನು ನೈಷ್ಠಿಕನು. ಕಾದಂಬರಿಗಳ ನಾಯಕನು ಮೊದಲ ಪುಟದಲ್ಲಿ ತಾನು ನೈಷ್ಠಿಕನೆಂದು ಸಾರುವನು. ಉಪಕುರ್ವಾಣನೆಂಬುದು ಓದುವವರಿಗೆ ಆಗಲೇ ಗೊತ್ತು.

ನಮ್ಮ ಕಡೆಯ ಬ್ರಾಹ್ಮಣರ ಮದುವೆಗಳಲ್ಲಿ ನಡೆಯುವ ಕಾಶೀಯಾತ್ರೆಯು ಈ ಕಾದಂಬರಿಯ ಸಂಗ್ರಹವೇ ಆಗಿದೆ. ವರನು ಕೊಡೆ ಹಿಡಿದು, ಕೋಲು ಊರಿ, ಮೆಟ್ಟು ಮೆಟ್ಟಿ, ಮದುವೆಯ ಗೊಡವೆ ಬೇಡವೆಂದು ಕಾಶಿಯ ಕಡೆಗೆ ನಾಲ್ಕು ಹೆಜ್ಜೆ ಹೊರಡುವನು. ಕನ್ಯೆಯ ಕಡೆಯವರು ಅಡ್ಡಗಟ್ಟಿ ಉಪಚರಿಸಿ, ಹೆಣ್ಣು ಕೊಡುವೆವೆಂದು ಹೇಳಿ ಹಿಂದಕ್ಕೆ ಕರೆತರುವರು. ವರನು ನಿಜವಾಗಿ ಹೊರಟುಹೋದದ್ದನ್ನು ನಾನಂತೂ ಕಂಡಿಲ್ಲ. ಎಲ್ಲರೂ ನಗುವರು. ನಗಬೇಕಾದದ್ದೇ.

ಮಹಾಭಾರತದ ಆದಿಪರ್ವದಲ್ಲಿ ಬರುವ ಜರತ್ಕಾರುವಿನ ಬ್ರಹ್ಮಚರ್ಯವು ಹೀಗೆ ಆಟದ್ದಲ್ಲ. ತನ್ನ ಪಿತೃಗಳು ಹಳ್ಳವೊಂದರಲ್ಲಿ ಹುಲ್ಲಿನ ಬೇರು ಹಿಡಿದು ತಲೆಕೆಳಗಾಗಿ ತೂಗಾಡುತ್ತಿರುವುದನ್ನೂ, ಆ ಬೇರನ್ನು ಇಲಿ ಕಡಿಯುತ್ತಿರುವುದನ್ನೂ ಕಂಡಮೇಲೆ ಅವನು ಮದುವೆಗೆ ಒಪ್ಪಿದನು. ಒಪ್ಪಿದ್ದಾದರೂ ಹೇಗೆ? ಕನ್ಯೆಗೆ ತನ್ನ ಹೆಸರೇ ಇರಬೇಕು, ಆಕೆಯನ್ನು ಭಿಕ್ಷೆಯಾಗಿ ಕೊಡಬೇಕು, ಸಾಕುವ ಭಾರ ತನ್ನದಲ್ಲ. ವಾಸುಕಿಯ ತಂಗಿಯೊಬ್ಬಳು ಅದೇ ಹೆಸರಿನವಳು ಸಿಕ್ಕಿದಳು. ಸಂಜೆಯಾಯಿತೆಂದು ನಿದ್ರೆಯಿಂದ ಎಬ್ಬಿಸಿದ ತಪ್ಪಿಗೆ ಅವನು ಆಕೆಯನ್ನು ಬಿಟ್ಟುಹೋದನು. ಮಗನಾದ ಆಸ್ತೀಕನು ಮುಂದೆ ನಾಗಕುಲವನ್ನು ಉಳಿಸಿದನೆಂಬುದು ಸುಪ್ರಸಿದ್ಧ. ವರನು ಹಾಕಿದ ನಿಬಂಧನೆಗಳನ್ನು ವಿದ್ಯಾರ್ಥಿಗಳಿಂದ ಎಷ್ಟೋ ಸಲ ಒಪ್ಪಿಸಿಕೊಂಡಿದ್ದೇನೆ. ವಧುವಿಗೆ ಏನಾದರೂ ನಿಬಂಧನೆಯಿತ್ತೇ ಎಂದು ಒಮ್ಮೆಯೂ ಕೇಳಿದವನಲ್ಲ.

ದಂಡಿಯ ದಶಕುಮಾರಚರಿತದ ಆರನೆಯ ಉಚ್ಛ್ವಾಸದಲ್ಲಿ ಇನ್ನೂ ಸೊಗಸಾದ ಕಥೆಯೊಂದಿದೆ. ಕಾಂಚೀನಗರದ ಸಿರಿವಂತನ ಮಗ ಶಕ್ತಿಕುಮಾರನಿಗೆ ಸುಮಾರು 18 ವಯಸ್ಸು. ಹೆಂಡತಿಯಿಲ್ಲದೆ ಸುಖವಿಲ್ಲ, ಗುಣವಿಲ್ಲದ ಹೆಂಡತಿಯಿಂದಲೂ ಸುಖವಿಲ್ಲವೆಂದು ಹಿಂಜರಿದು, ಅವನು ಜೋಯಿಸನ ವೇಷದಲ್ಲಿ ಒಂದು ಪ್ರಸ್ಥ ಬತ್ತವನ್ನು ಸೆರಗಿಗೆ ಕಟ್ಟಿಕೊಂಡು ಊರೂರು ಅಲೆದನು. ಕಂಡ ಕನ್ಯೆಯರನ್ನೆಲ್ಲ, ಇಷ್ಟೇ ಬತ್ತದಿಂದ ನನಗೆ ಸಂಪೂರ್ಣ ಊಟ ಬಡಿಸಬಲ್ಲೆಯಾ ಎಂದು ಕೇಳುವನು, ಅವರು ನಕ್ಕು ಕಳುಹಿಸುವರು. ಕಾವೇರಿಯ ತೀರದಲ್ಲಿ ಬಡತನಕ್ಕಿಳಿದ ಮನೆಯ ಗೋಮಿನಿಯೆಂಬವಳು ಮಾತ್ರ ಆಗಲೆಂದಳು. ಬತ್ತವನ್ನು ಒಣಗಿಸಿ, ಹೊಟ್ಟು ಮುರಿಯದಂತೆ ಬಿಡಿಸಿ, ಆ ಹೊಟ್ಟನ್ನು ಒಡವೆ ಉಜ್ಜಲು ಅಕ್ಕಸಾಲಿಗರಿಗೆ ಮಾರಿಸಿದಳು. ಬಂದ ಕಾಸಿಗೆ ಸೌದೆಯೂ ಗಡಿಗೆಯೂ ಬಂದುವು. ಅನ್ನವಾದ ಮೇಲೆ ಕೆಂಡಕ್ಕೆ ನೀರು ಚಿಮುಕಿಸಿ ಇದ್ದಲು ಮಾಡಿ ಅದನ್ನೂ ಮಾರಿಸಿದಳು. ಅದರಿಂದ ಕಾಯಿಪಲ್ಯ, ತುಪ್ಪ, ಮೊಸರು, ಹುಣಿಸೆಹಣ್ಣು, ಅಭ್ಯಂಜನಕ್ಕೆ ಎಣ್ಣೆಯೂ ನೆಲ್ಲಿಯೂ ದೊರೆತುವು. ಮಿಂದು ಉಂಡು ತಣಿದ ಶಕ್ತಿಕುಮಾರನು ಆಕೆಯನ್ನೇ ವರಿಸಿದನು.

ಇಷ್ಟನ್ನು ಹೇಳಿ ಗೃಹಿಣಿಯ ಜಾಣ್ಮೆಯನ್ನು ಹೊಗಳಿ ನಿಲ್ಲಿಸುವುದು ನಮ್ಮ ರೂಢಿ. ಆದರೆ ದಂಡಿ ಅಲ್ಲಿ ನಿಲ್ಲಿಸಲಿಲ್ಲ. ಮದುವೆಯಾದ ಮೇಲೆ ಶಕ್ತಿಕುಮಾರನು ಆಕೆಯನ್ನು ಲೆಕ್ಕಿಸದೆ ಗಣಿಕೆಯೊಬ್ಬಳನ್ನು ಮನೆಗೆ ತಂದನು. ಗೋಮಿನಿ ಸಹಿಸಿ, ಸೇವಿಸಿ, ಕೊನೆಗೆ ಅವನ ಮನಸ್ಸನ್ನು ಗೆದ್ದಳೆಂದು ಕಥೆ. ಪರೀಕ್ಷಕನನ್ನು ಯಾರೂ ಪರೀಕ್ಷಿಸಲಿಲ್ಲ! ಅವನ ಸೆರಗಿನ ಬತ್ತವನ್ನು ಅಳೆದುಕೊಂಡ ಗೋಮಿನಿಗೆ ಅವನ ನಡತೆಯನ್ನು ಅಳೆಯುವ ಅವಕಾಶವೇ ಇರಲಿಲ್ಲ.

ಹೊಸಗನ್ನಡದ ಸಣ್ಣಕಥೆಯೂ ಒಲ್ಲೆನೆಂಬ ವರನಿಂದಲೇ ಮೊದಲಾಯಿತೆಂದರೆ ತಪ್ಪಾಗಲಾರದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1910ರ ಸುಮಾರಿಗೆ ಬರೆದ ‘ರಂಗನ ಮದುವೆ’ಯನ್ನು ಬಲ್ಲವರು ಬಹಳ. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಮರಳಿದ ರಂಗನು, ತನಗೆ ಈಗಲೇ ಮದುವೆ ಬೇಡ, ಆಗುವುದಾದರೆ ವಯಸ್ಸಿಗೆ ಬಂದ ಹೆಣ್ಣನ್ನು ಮೆಚ್ಚಿ ಆಗಬೇಕು ಎಂದು ಹೊಸ ಮಾತನಾಡುವನು. ಕಥೆ ಹೇಳುವ ಶ್ಯಾಮನು ರಾಮರಾಯರ ಮನೆಯ ರತ್ನಳನ್ನು ಕರೆಸಿ ಹಾಡಿಸಿ, ಆ ಸಮಯಕ್ಕೆ ಸರಿಯಾಗಿ ರಂಗನೂ ಬರುವಂತೆ ಮಾಡುವನು. ಹುಡುಗಿಗೆ ಮದುವೆಯಾಗಿದೆಯೆಂದು ಸುಳ್ಳಾಡಿ ಅವನ ಮುಖ ಬಾಡುವುದನ್ನು ನೋಡುವನು. ಆಮೇಲೆ ಮೊದಲೇ ಪಾಠ ಹೇಳಿಕೊಟ್ಟ ಶಾಸ್ತ್ರಿಗಳಿಂದ ರತ್ನಳ ಹೆಸರು ಹೊರಡುವಂತೆ ಮಾಡುವನು. ಈ ತಂತ್ರವು ಹಾಸ್ಯದ ಒಳ್ಳೆಯ ಮಾದರಿ. ಓದುವಾಗ ಈಗಲೂ ನಾನು ನಗುತ್ತೇನೆ. ಆದರೆ ರತ್ನಳಿಗೆ ಆಗ ಹನ್ನೊಂದೇ ವರ್ಷ. ವಯಸ್ಸಿಗೆ ಬಂದ ಹೆಣ್ಣೇ ಬೇಕೆಂದವನ ಹಟ ಎಲ್ಲಿಗೆ ಬಂದು ಮುಗಿಯಿತು, ನೋಡಿರಿ! ಮಾಸ್ತಿಯವರ ನಗೆಯಲ್ಲಿ ಈ ಚುಚ್ಚೂ ಇದೆಯೆಂದು ನನ್ನ ಭಾವನೆ.

ಆ ಕಾಲದ ಕಾನೂನಿಗೆ ಅದು ವಿರುದ್ಧವಾಗಿರಲಿಲ್ಲ. ನಮ್ಮ ತಾಲ್ಲೂಕುಗಳು ಸೇರಿದ್ದ ಮೈಸೂರು ಸಂಸ್ಥಾನವು 1894ರಲ್ಲಿ ತಂದ ನಿಬಂಧನೆಯು 8 ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆಯಿತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆಯು ಹೆಣ್ಣಿಗೆ 14, ಗಂಡಿಗೆ 18 ಎಂದು ವಿಧಿಸಿತು. 1978ರ ತಿದ್ದುಪಡಿಯಿಂದ ಅದು 18 ಮತ್ತು 21 ಆಯಿತು. ವರನು ‘ಒಲ್ಲೆ’ ಎನ್ನುವುದಕ್ಕೆ ಕಾಯಿದೆ ಎಂದೂ ಬೇಕಾಗಿರಲಿಲ್ಲ, ಅವನ ಕೈಯಲ್ಲಿ ಕೊಡೆಯೂ ಕೋಲೂ ಇದ್ದುವು. ವಧುವಿಗೆ ‘ಒಲ್ಲೆ’ ಎನ್ನುವ ವಯಸ್ಸು ಬರುವವರೆಗೆ ಮದುವೆಯನ್ನು ತಡೆದು ನಿಲ್ಲಿಸುವುದಕ್ಕೇ ಇಷ್ಟು ಕಾಯಿದೆಗಳು ಬೇಕಾದುವು.

ಈ ಜಾತಿಯ ಕಥೆಗಳಲ್ಲಿ ಉತ್ತಮವಾದವು ಯಾವುವೆಂದು ನೋಡಿದರೆ, ಹೆಣ್ಣಿಗೂ ಆ ಮಾತಿನ ಹಕ್ಕನ್ನು ಕೊಟ್ಟವೇ. 1600ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ‘ಮಚ್ ಅಡೋ ಅಬೌಟ್ ನಥಿಂಗ್’ ನಾಟಕದಲ್ಲಿ ಬೆನೆಡಿಕ್ಕನು ಮದುವೆಯನ್ನು ಹಳಿಯುವನು, ಬಿಯಾಟ್ರಿಸಳೂ ಅಷ್ಟೇ ಹಳಿಯುವಳು. ಗೆಳೆಯರು ಅವನಿಗೆ ಹೂಡಿದ ಉಪಾಯವನ್ನೇ ಗೆಳತಿಯರು ಇವಳಿಗೂ ಹೂಡುವರು. 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನಳ ಕಾದಂಬರಿಯಲ್ಲಿ ಎಲಿಜಬೆತ್ತಳು ಸಿರಿವಂತ ಡಾರ್ಸಿಯನ್ನು ಮೊದಲ ಸಲ ನಿರಾಕರಿಸುವಳು. ಆ ನಿರಾಕರಣೆಯಿಂದಲೇ ಅವನು ತಿದ್ದಿಕೊಳ್ಳುವನು. ನಮ್ಮಲ್ಲಿಯೂ ತ್ರಿವೇಣಿಯವರ ‘ಬೆಳ್ಳಿಮೋಡ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1967ರಲ್ಲಿ ಚಿತ್ರವಾಗಿಸಿದಾಗ, ಆಸ್ತಿ ತಪ್ಪಿತೆಂದು ಕೈಬಿಟ್ಟವನು ಮರಳಿ ಕೈಚಾಚಿದಾಗ ಇಂದಿರೆಯು ಒಲ್ಲೆನೆಂದದ್ದನ್ನು ನೋಡಿ ಜನರು ಬೆರಗಾದರು. ಅದು ನಗೆಯ ಕಥೆಯಲ್ಲ. ಆದರೆ ನಗೆಯ ಕಥೆಗಳು ಮರೆತಿದ್ದ ಮಾತನ್ನು ಅದು ನೆನಪಿಗೆ ತಂದಿತು.

ಕಾಲವೂ ಈಗ ಪುಟ ಮಗುಚಿದೆ. 2023ರ ಫೆಬ್ರವರಿಯಲ್ಲಿ ನಮ್ಮ ನೆರೆಯ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಅವಿವಾಹಿತ ಯುವಕರು, ಬಹುಮಟ್ಟಿಗೆ ಬೇಸಾಯಗಾರರು, ಹೆಣ್ಣು ಸಿಕ್ಕಲೆಂದು ಬೇಡಿಕೊಂಡು ಮಲೆಮಹದೇಶ್ವರನ ಬೆಟ್ಟಕ್ಕೆ ಕಾಲ್ನಡೆಯಲ್ಲಿ ಹೋದರು. ಮದುವೆ ಬೇಡವೆಂದು ಕಾಶಿಗೆ ಹೊರಡುವ ವರನ ನಾಡಿನಲ್ಲಿ ಮದುವೆ ಬೇಕೆಂದು ಯಾತ್ರೆ! ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅಂತಹ ಯುವಕರಲ್ಲಿ ಎಷ್ಟೋ ಮಂದಿ ನನ್ನ ಮುಂದೆ ಬೆಂಚಿನ ಮೇಲೆ ಕುಳಿತು ಬಾಯಿಪಾಠ ಒಪ್ಪಿಸಿದವರೇ.

ಅವರಲ್ಲೊಬ್ಬನು, ಕನಕಪುರದ ಕಡೆಯ ರೇಷ್ಮೆ ಬೆಳೆಗಾರ, ಹೆಣ್ಣು ನೋಡಲು ಹೋಗುವಾಗ ನನ್ನನ್ನೂ ಕರೆದೊಯ್ದನು. ಉಪ್ಪಿಟ್ಟು ಕಾಫಿಯಾದ ಮೇಲೆ ಹಿರಿಯರು ಜಮೀನಿನ ಲೆಕ್ಕ ಹೇಳುತ್ತಿದ್ದರು. ಹುಡುಗಿಯು ಮೆಲ್ಲನೆ ಕೇಳಿದಳು: “ಹುಳ ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರೀನೂ ಸೊಪ್ಪು ಹಾಕಬೇಕಲ್ಲ, ನಿಮ್ಮ ಮನೇಲಿ ಯಾರು ಏಳ್ತಾರೆ?” ರೇಷ್ಮೆಹುಳು ಸಾಕಿದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಹುಳು ಹಣ್ಣಾಗಿ ಚಂದ್ರಿಕೆ ಏರುವವರೆಗೆ ಆ ಮನೆಗೆ ನಿದ್ರೆಯಿಲ್ಲ. ಹಿರಿಯರು ಹುಬ್ಬು ಗಂಟಿಕ್ಕಿದರು. ನನಗೂ ಒಳಗೊಳಗೆ ಸಿಟ್ಟು ಬಂದಿತು. ನನ್ನ ಶಿಷ್ಯನು ಮಾತ್ರ, “ಅಮ್ಮನಿಗೆ ಆಗಲ್ಲ. ಮೂರು ವರ್ಷದಿಂದ ನಾನೇ ಏಳ್ತೀನಿ” ಎಂದನು. ಹುಡುಗಿ ತಲೆಯೆತ್ತಿ ಅವನನ್ನು ನೋಡಿದಳು. ಆ ಮದುವೆ ನಡೆಯಿತು. ಗೋಮಿನಿ ಕೇಳಲಾರದೆ ಹೋದ ಪ್ರಶ್ನೆಯನ್ನು ಈಕೆ ಕೇಳಿದಳೆಂದು ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಹೊಳೆಯಿತು.

ಮನೆಗೆ ಬಂದು ಪತ್ನಿಗೆ ಹೇಳಿದೆನು. ಆಕೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವೂ ಕೊಡೆ ಹಿಡ್ಕೊಂಡು ಹೊರಟಿದ್ರಿ, ನಮ್ಮಣ್ಣ ತಡೆದ. ನಾನು ಹೊರಟಿದ್ದರೆ ಯಾರು ತಡೀತಿದ್ರು?” ಎಂದಳು. ನನ್ನ ಪರೀಕ್ಷೆ ಮುಗಿಯುವವರೆಗೆ ಮದುವೆ ಬೇಡವೆಂದು ನಾನು ಆಗ ಎರಡು ವರ್ಷ ಹಟ ಹಿಡಿದಿದ್ದೆನು. ಎಲ್ಲರೂ ಕಾದರು. ಆಕೆ ಆಗ ಬಿ.ಎ. ಎರಡನೆಯ ವರ್ಷದಲ್ಲಿದ್ದಳು. ಲಗ್ನ ಗೊತ್ತಾದ ತಿಂಗಳೇ ಕಾಲೇಜು ನಿಂತಿತು. ಇನ್ನೊಂದು ವರ್ಷ ಕಾಯಬಹುದೇ ಎಂದು ಯಾರೂ ಆಕೆಯನ್ನು ಕೇಳಲಿಲ್ಲ. ಯಾರೂ ಎಂಬುದರಲ್ಲಿ ನಾನೂ ಸೇರಿದ್ದೇನೆ. ಮೂವತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಆ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯ ಹೆಂಗಸರು ಓದುವ ಇಂತಹ ಕಾದಂಬರಿಗಳನ್ನು ಹಗುರವೆಂದು ತಳ್ಳಬೇಡಿರಿ. ನೀವೂ ಓದಿರಿ, ನಗಿರಿ. ಓದಿ ಮುಗಿಸಿದ ಮೇಲೆ, ವರನು ಒಪ್ಪಿದ್ದು ಯಾವ ಪುಟದಲ್ಲಿ ಎಂಬುದರ ಜೊತೆಗೆ, ವಧುವನ್ನು ಕೇಳಿದ್ದು ಯಾವ ಪುಟದಲ್ಲಿ ಎಂದೂ ಹುಡುಕಿರಿ. ಮಗನಿಗೆ ಹೆಣ್ಣು ನೋಡುವ ಮನೆಯಲ್ಲಿ ಈ ಹುಡುಕಾಟ ಇನ್ನೂ ಅಗತ್ಯ.

ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರುವ ಅರ್ಜಿಯೊಂದನ್ನು ನಾನು ತಂದು, ಆಕೆಯ ಕಾದಂಬರಿಯ ನಡುವೆ ಇಟ್ಟು ತಿಂಗಳಾಯಿತು. “ಈ ವಯಸ್ಸಿನಲ್ಲಿ ಯಾಕ್ರೀ? ನೋಡೋಣ” ಎಂದಿದ್ದಾಳೆ. ಅರ್ಜಿ ಈಗ ಪುಟದ ಗುರುತಾಗಿ ಕೆಲಸ ಮಾಡುತ್ತಿದೆ. ನಾನು ಒತ್ತಾಯ ಮಾಡಿಲ್ಲ. ಈ ಸಲ ಕಾಯುವ ಸರದಿ ನನ್ನದು.