ವಾಹನ ಚಾಲಕರ ಲಾಲಾರಸ ಪರೀಕ್ಷೆ

ಮದ್ಯಪಾನ ಮಾಡಿ ವಾಹನ ನಡೆಸುವವರನ್ನು ಕಂಡುಹಿಡಿಯಲು ಪೊಲೀಸರು ಚಾಲಕನ ಬಾಯಿಗೆ ಕೊಳವೆಯನ್ನಿಟ್ಟು ಊದಿಸುವುದನ್ನು ನಾವು ಕಂಡಿದ್ದೇವೆ. ರಕ್ತದಲ್ಲಿರುವ ಮದ್ಯಸಾರವು ಶ್ವಾಸಕೋಶದಲ್ಲಿ ಉಸಿರಿನೊಡನೆ ಒಂದು ಗೊತ್ತಾದ ಪ್ರಮಾಣದಲ್ಲಿ ಬೆರೆಯುವುದರಿಂದ, ಉಸಿರನ್ನು ಅಳೆದರೆ ರಕ್ತದ ಸ್ಥಿತಿಯನ್ನು ಅಂದಾಜು ಮಾಡಬಹುದು. ಆದರೆ ಗಾಂಜಾ ಮೊದಲಾದ ಮಾದಕ ದ್ರವ್ಯಗಳನ್ನು ಸೇವಿಸಿದವರನ್ನು ಈ ಯಂತ್ರವು ಗುರುತಿಸಲಾರದು. ಅಂಥವರಿಂದಲೂ ದಾರಿಹೋಕರಿಗೆ ಅಪಾಯವುಂಟು. ಅವರನ್ನು ಗುರುತಿಸುವುದಕ್ಕಾಗಿ ಬಳಕೆಗೆ ಬಂದಿರುವ ಉಪಾಯಗಳಲ್ಲಿ ಲಾಲಾರಸದ, ಎಂದರೆ ಬಾಯಿಯ ಉಗುಳಿನ, ಪರೀಕ್ಷೆಯೂ ಒಂದು.

ದಾರಿಯಲ್ಲಿ ಯಾವ ಚಾಲಕನನ್ನಾದರೂ ನಿಲ್ಲಿಸಿ ಹೀಗೆ ಪರೀಕ್ಷಿಸುವ ಕ್ರಮವನ್ನು ಜಗತ್ತಿನಲ್ಲಿ ಮೊದಲು ಆರಂಭಿಸಿದುದು ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ. 2004ನೆಯ ಇಸವಿಯ ಡಿಸೆಂಬರಿನಲ್ಲಿ. ಬ್ರಿಟನ್ ಮೊದಲಾದ ದೇಶಗಳಲ್ಲಿಯೂ ಇದು ಬಳಕೆಗೆ ಬಂದಿತು. ಕೇರಳದ ಪೊಲೀಸರು 2022ರಲ್ಲಿ ಇಂಥ ಪರೀಕ್ಷೆಗೆಂದೇ ಸಜ್ಜುಗೊಳಿಸಿದ ‘ಆಲ್ಕೊ ಸ್ಕ್ಯಾನ್’ ಎಂಬ ವಾಹನವನ್ನು ಬೀದಿಗಿಳಿಸಿದರು. ಆದುದರಿಂದ ಈ ಪರೀಕ್ಷೆಯ ಗುಣದೋಷಗಳನ್ನು ಗಡಿನಾಡಿನ ನಾವೂ ತಿಳಿದಿರುವುದು ಒಳ್ಳೆಯದು.

ಪರೀಕ್ಷೆಯ ವಿಧಾನವು ಸರಳವಾದುದು. ಚಾಲಕನ ನಾಲಗೆಯ ಮೇಲೆ ಒಂದು ಚಿಕ್ಕ ಕಡ್ಡಿಯನ್ನು ಆಡಿಸಿ ಲಾಲಾರಸವನ್ನು ತೆಗೆಯುತ್ತಾರೆ. ಅದು ಪಟ್ಟಿಯೊಂದರ ಮೇಲೆ ಹರಿಯುತ್ತದೆ. ಒಂದು ನಿರ್ದಿಷ್ಟ ದ್ರವ್ಯವನ್ನು ಮಾತ್ರ ಹಿಡಿದುಕೊಳ್ಳುವ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ಆ ಪಟ್ಟಿಯಲ್ಲಿ ಲೇಪಿಸಿರುತ್ತಾರೆ. ಕೆಲವು ನಿಮಿಷಗಳಲ್ಲಿ ಪಟ್ಟಿಯ ಗೆರೆಗಳು ಫಲಿತಾಂಶವನ್ನು ಸೂಚಿಸುತ್ತವೆ. ಕೋವಿಡ್ ಕಾಲದಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳುತ್ತಿದ್ದ ಪರೀಕ್ಷೆಯ ತತ್ತ್ವವೂ ಇದೇ.

ಚಾಲಕನ ದೇಹಕ್ಕೆ ಇದರಿಂದ ಹಾನಿಯಿಲ್ಲ. ಸೂಜಿ ಚುಚ್ಚಬೇಕಾಗಿಲ್ಲ, ರಕ್ತ ತೆಗೆಯಬೇಕಾಗಿಲ್ಲ. ಒಬ್ಬೊಬ್ಬರಿಗೂ ಮುದ್ರೆಯೊಡೆಯದ ಹೊಸ ಕಡ್ಡಿಯನ್ನೇ ಬಳಸಬೇಕು. ಪರೀಕ್ಷಿಸುವವರು ಕೈಚೀಲ ಧರಿಸಿರಬೇಕು. ಇಷ್ಟನ್ನು ಪಾಲಿಸಿದರೆ ಅಂಜಿಕೆಗೆ ಕಾರಣವಿಲ್ಲ. ಕಠಿನವಾದ ಪ್ರಶ್ನೆ ಬೇರೆಯದು: ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದು?

ವಿಕ್ಟೋರಿಯದ ಅನುಭವವೇ ಮೊದಲ ಎಚ್ಚರಿಕೆಯನ್ನು ನೀಡಿತು. ಯೋಜನೆಯ ಆರಂಭದಲ್ಲಿ ಪತ್ರಿಕೆಯವರ ಎದುರಿನಲ್ಲಿಯೇ ಒಬ್ಬ ಚಾಲಕನು ಮಾದಕ ದ್ರವ್ಯ ಸೇವಿಸಿದ್ದಾನೆಂದು ಪರೀಕ್ಷೆಯು ಸೂಚಿಸಿತು. ಆತನ ಭಾವಚಿತ್ರವು ನಾಡೆಲ್ಲ ಹರಡಿತು. ಆದರೆ ಪ್ರಯೋಗಶಾಲೆಯ ತಪಾಸಣೆಯಲ್ಲಿ ಆ ಆರೋಪವು ನಿಲ್ಲಲಿಲ್ಲ. ಯುರೋಪಿನ ವಿಜ್ಞಾನಿಗಳು ‘ರೋಸಿಟಾ-2’ ಎಂಬ ಯೋಜನೆಯಲ್ಲಿ 2003ರಿಂದ 2005ರವರೆಗೆ ಅಂದಿನ ಸಾಧನಗಳನ್ನು ಪರಿಶೀಲಿಸಿ, ರಸ್ತೆಯ ಬಳಕೆಗೆ ಶಿಫಾರಸು ಮಾಡುವಷ್ಟು ವಿಶ್ವಾಸಾರ್ಹವಾದುದು ಅವುಗಳಲ್ಲಿ ಒಂದೂ ಇಲ್ಲವೆಂದು ನಿರ್ಣಯಿಸಿದರು. ಆ ಬಳಿಕ ಸಾಧನಗಳು ಸುಧಾರಿಸಿದುವು. ಆದರೂ ಸಿಡ್ನಿ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಬಗೆಯ ಸಾಧನಗಳು ಗಾಂಜಾದ ಅಂಶವನ್ನು ಪತ್ತೆಹಚ್ಚುವಾಗ, ಇಲ್ಲದುದನ್ನು ಇದೆಯೆಂದು ನೂರಕ್ಕೆ 5ರಿಂದ 10ರಷ್ಟು ಸಲವೂ, ಇದ್ದುದನ್ನು ಇಲ್ಲವೆಂದು ನೂರಕ್ಕೆ 9ರಿಂದ 16ರಷ್ಟು ಸಲವೂ ತಪ್ಪಿದುವು.

ನೂರಕ್ಕೆ ಐದು ತಪ್ಪು ಅಲ್ಪವೆಂದು ತೋರಬಹುದು. ವಿದ್ಯಾರ್ಥಿಗಳು ಕೆಳಗಿನ ಲೆಕ್ಕವನ್ನು ತಾವೇ ಮಾಡಿ ನೋಡಲಿ. 1000 ಚಾಲಕರಲ್ಲಿ 20 ಮಂದಿ ಮಾತ್ರ ಮಾದಕ ದ್ರವ್ಯ ಸೇವಿಸಿದವರೆಂದು ಇಟ್ಟುಕೊಳ್ಳೋಣ. ಸೇವಿಸಿದ ನೂರು ಮಂದಿಯಲ್ಲಿ 90 ಮಂದಿಯನ್ನು ಸಾಧನವು ಹಿಡಿಯುವುದಾದರೆ, ಈ 20 ಮಂದಿಯಲ್ಲಿ 18 ಮಂದಿ ಸಿಕ್ಕಿಬೀಳುವರು, ಇಬ್ಬರು ತಪ್ಪಿಸಿಕೊಳ್ಳುವರು. ಉಳಿದ 980 ನಿರ್ದೋಷಿಗಳಲ್ಲಿ ನೂರಕ್ಕೆ ಐದರಂತೆ 49 ಮಂದಿಯನ್ನು ಸಾಧನವು ತಪ್ಪಾಗಿ ಬೊಟ್ಟುಮಾಡುವುದು. ಒಟ್ಟು ಸಿಕ್ಕಿಬಿದ್ದವರು 67. ಅವರಲ್ಲಿ ನಿಜವಾಗಿ ಸೇವಿಸಿದವರು ಹದಿನೆಂಟೇ ಮಂದಿ! ಅಪರಾಧಿಗಳು ವಿರಳವಾಗಿರುವಲ್ಲಿ ಒಳ್ಳೆಯ ಸಾಧನವೂ ನಿರ್ದೋಷಿಗಳನ್ನೇ ಹೆಚ್ಚಾಗಿ ಹಿಡಿದುಕೊಡಬಹುದೆಂಬುದು ಇದರಿಂದ ವಿದಿತವಾಗುತ್ತದೆ.

ಆದುದರಿಂದಲೇ ವಿವೇಕವುಳ್ಳ ಕಾನೂನುಗಳು ದಾರಿಬದಿಯ ಪರೀಕ್ಷೆಯನ್ನು ಶಂಕೆಯ ಸೂಚನೆಯೆಂದಷ್ಟೇ ಎಣಿಸುತ್ತವೆ. ಆಸ್ಟ್ರೇಲಿಯದಲ್ಲಿ ಲಾಲಾರಸವನ್ನು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಅಲ್ಲಿ ಅಣುಗಳನ್ನು ಬೇರ್ಪಡಿಸಿ, ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಯಂತ್ರಗಳಿವೆ. ಬ್ರಿಟನ್ನಿನಲ್ಲಿ ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ನ್ಯೂಜಿಲೆಂಡಿನ ಉದಾಹರಣೆಯು ಇನ್ನಷ್ಟು ಬೋಧಪ್ರದವಾಗಿದೆ. 2022ರಲ್ಲಿ ಅಲ್ಲಿ ಶಾಸನವಾಯಿತಾದರೂ, ಅದರ ಕಟ್ಟುನಿಟ್ಟಾದ ನಿಯಮಗಳಿಗೆ ಒಪ್ಪುವ ಸಾಧನವು ದೊರೆಯದೆ ಪರೀಕ್ಷೆಯನ್ನು ಆರಂಭಿಸಲಾಗಲಿಲ್ಲ. ಪ್ರಯೋಗಶಾಲೆಯ ದೃಢೀಕರಣವು ಬರುವಂತೆ 2025ರಲ್ಲಿ ಶಾಸನವನ್ನು ತಿದ್ದಬೇಕಾಯಿತು.

ಇನ್ನೊಂದು ತೊಡಕೂ ಇದೆ. ಧೂಮಪಾನ ಮಾಡುವಾಗ ಗಾಂಜಾದ ಅಂಶವು ಬಾಯಿಯಲ್ಲಿಯೇ ಅಂಟಿಕೊಳ್ಳುತ್ತದೆ. ಆದುದರಿಂದ ಉಗುಳಿನಲ್ಲಿ ಅದು ಎಷ್ಟಿದೆಯೆಂಬುದರಿಂದ ಅಮಲು ಎಷ್ಟಿದೆಯೆಂದು ಹೇಳಲಾಗದು. ದಿನವೂ ಸೇವಿಸುವವನಲ್ಲಿ ಅಮಲು ಇಳಿದ ಮೇಲೂ ಅದು ಉಳಿದಿರಬಹುದು. ಇದಕ್ಕೆ ವಿರುದ್ಧವಾಗಿ, ತೂಕಡಿಕೆ ತರಿಸುವ ಎಷ್ಟೋ ಔಷಧಿಗಳನ್ನು ಈ ಪರೀಕ್ಷೆಯು ಹುಡುಕುವುದೇ ಇಲ್ಲ. ನಮ್ಮ ದೇಶದ 1988ರ ಮೋಟಾರು ವಾಹನ ಶಾಸನದ 185ನೆಯ ಪ್ರಕರಣವು ಮದ್ಯಕ್ಕೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಮಿತಿಯನ್ನು ಹೇಳುತ್ತದೆ. ಮಾದಕ ದ್ರವ್ಯಕ್ಕಾದರೋ, ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲು ಅಸಮರ್ಥನಾಗುವಷ್ಟು ಅದರ ಪ್ರಭಾವಕ್ಕೆ ಒಳಗಾಗಿರಬೇಕೆನ್ನುತ್ತದೆ. ಪಟ್ಟಿಯ ಗೆರೆಯೊಂದೇ ಅಷ್ಟನ್ನು ಸಾಧಿಸಲಾರದು.

ಹಾಗೆಂದು ಪರೀಕ್ಷೆಯೇ ಬೇಡವೆನ್ನುವುದು ಸರಿಯಲ್ಲ. ಯಾವ ತಿರುವಿನಲ್ಲಿ ಪೊಲೀಸರು ನಿಂತಿರುವರೋ ಎಂಬ ಅಳುಕು ಹಲವರನ್ನು ದುರಭ್ಯಾಸದಿಂದ ದೂರವಿಡಬಲ್ಲುದು. ಶಾಲೆಗೆ ನಡೆದುಬರುವ ಮಕ್ಕಳ ಪ್ರಾಣ ಎಷ್ಟು ಅಮೂಲ್ಯವೋ, ತಪ್ಪು ಮಾಡದೆ ಸಿಕ್ಕಿಬಿದ್ದ ಚಾಲಕನ ಮಾನವೂ ಅಷ್ಟೇ ಅಮೂಲ್ಯವಾದುದು. ಪೋಷಕರು ತಾವು ಸೇವಿಸುವ ಔಷಧಿಯು ನಿದ್ದೆ ತರುವುದೇ ಎಂದು ವೈದ್ಯರನ್ನು ವಿಚಾರಿಸಿಯೇ ವಾಹನವೇರಲಿ. ದಾರಿಯಲ್ಲಿ ಪರೀಕ್ಷೆಯಾದರೆ ಸಹಕರಿಸಲಿ. ಪ್ರಯೋಗಶಾಲೆಯ ತಪಾಸಣೆಯನ್ನೂ ಕೇಳಲಿ. ನೆರೆಯವನೊಬ್ಬನು ಸಿಕ್ಕಿಬಿದ್ದನೆಂಬ ಸುದ್ದಿ ಬಂದಾಗ, ಎರಡನೆಯ ಫಲಿತಾಂಶ ಬರುವವರೆಗೆ ಅವನನ್ನು ಅಪರಾಧಿಯೆನ್ನದಿರುವ ತಾಳ್ಮೆಯನ್ನು ನಾವೆಲ್ಲರೂ ಕಲಿಯೋಣ.